ಯಾವ ಬೈಬಲ್ ಕೊಳ್ಳುವುದು? (ಡ್ಯೂಟಿ ಮುಗಿದ ಮೇಲೆ – ಭಾಗ 9)

"ಹೊಸ ಬೈಬಲ್‌ಗಳಿಂದ ವಚನಗಳನ್ನು ಕಿತ್ತುಹಾಕಿದ್ದಾರೆ, ಎಚ್ಚರ" ಅನ್ನುವ ಮೆಸೇಜ್ ನಮ್ಮ ಕುಟುಂಬದ ಗ್ರೂಪಿಗೆ ಈ ವರ್ಷ ಮೂರನೆಯ ಸಲ ಬಂದಿದೆ. ಅದರ ಬೆನ್ನಿಗೇ ಅಕ್ಕನ ಮಗಳದ್ದೊಂದು ಪ್ರಶ್ನೆ: "ಚಿಕ್ಕಮ್ಮ, ದೃಢೀಕರಣದ ಕ್ಲಾಸಿಗೆ ನನ್ನದೇ ಆದ ಒಂದು ಬೈಬಲ್ ಬೇಕು. ಮನೆಯಲ್ಲಿರುವ ಸತ್ಯವೇದ ಅರ್ಧ ಅರ್ಥವಾಗುವುದಿಲ್ಲ. ಸುಲಭದ್ದು ತಗೊಂಡರೆ ಅಜ್ಜ ಬೈತಾರೆ. ಯಾವುದು ತಗೊಳ್ಳಲಿ?" ಅಜ್ಜ ಅಂದರೆ ನನ್ನ ದೊಡ್ಡಪ್ಪ. ಅವರ ಪ್ರಕಾರ ಹಳೆಯದೇ ನಿಜವಾದದ್ದು, ಉಳಿದದ್ದೆಲ್ಲ ಕಥೆಪುಸ್ತಕ. ಇದನ್ನೂ ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹುಡುಗಿಗೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟುಬಿಡಬಹುದಿತ್ತು. ಆದರೆ ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರ. ಈ ಪ್ರಶ್ನೆಯ ಮೇಲೆ ಐನೂರು ವರ್ಷ ಜಗಳ ಆಡಿದ ದೇಶ ಇದು. ನಮ್ಮ ಮಂಗಳೂರಿಗೆ ಬಂದು ಕನ್ನಡ ಬೈಬಲ್ ತಿದ್ದಲು ಕುಳಿತವರಲ್ಲಿ ಹಲವರು ಇದೇ ಸೀಮೆಯವರು. ಆದ್ದರಿಂದ ಈ ಸಲ ಸ್ವಲ್ಪ ಉದ್ದ ಉಂಟು. ಬೈಬಲ್ ಓದದ ಗೆಳತಿಯರೂ ಓದಿ, ಇದು ಭಾಷೆಯ ಕಥೆಯೂ ಹೌದು. (ನಾವು 'ವಚನ' ಅನ್ನುವುದು ಬಸವಣ್ಣನವರ ವಚನಕ್ಕಲ್ಲ, ಬೈಬಲ್ಲಿನ ನಂಬರ್ ಹಾಕಿದ ಒಂದೊಂದು ವಾಕ್ಯಕ್ಕೆ.)

ಮೊದಲು ಲೂಥರ್ ಅವರಿಂದ. ಜರ್ಮನ್ ಭಾಷೆಗೆ ಬೈಬಲ್ ತಂದವರಲ್ಲಿ ಅವರೇ ಮೊದಲಿಗರು ಅಂತ ನಮ್ಮಲ್ಲಿ ಭಾನುವಾರ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಹಾಗಲ್ಲ. ಸ್ಟ್ರಾಸ್‌ಬುರ್ಗಿನಲ್ಲಿ ಮೆಂಟೆಲಿನ್ ಎಂಬ ಮುದ್ರಕ 1466ರಲ್ಲೇ ಜರ್ಮನ್ ಬೈಬಲ್ ಅಚ್ಚು ಹಾಕಿದ್ದ. ಲೂಥರ್ ಅವರದ್ದು ಬರುವ ಮೊದಲು ಅಂಥ ಹದಿನೆಂಟು ಮುದ್ರಣಗಳು ಬಂದಿದ್ದವು. ಆದರೆ ಅವು ಲ್ಯಾಟಿನ್‌ನಿಂದ ಪದಕ್ಕೆ ಪದ ಇಳಿಸಿದವು. ಜರ್ಮನ್ ಪದಗಳು, ಲ್ಯಾಟಿನ್ ನಡಿಗೆ. ಓದಿದರೆ ನಾಲಿಗೆ ತೊಡರುತ್ತಿತ್ತು.

ಲೂಥರ್ 1521ರ ಮೇ ತಿಂಗಳಿಂದ ವಾರ್ಟ್‌ಬುರ್ಗ್ ಕೋಟೆಯಲ್ಲಿ ಗಡ್ಡ ಬಿಟ್ಟು, ಹೆಸರು ಬದಲಿಸಿ ಅಡಗಿದ್ದರು. ಅಲ್ಲಿ ಕುಳಿತು ಸುಮಾರು ಹನ್ನೊಂದು ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕ್‌ನಿಂದ ಜರ್ಮನ್‌ಗೆ ತಂದರು. ಕೈಯಲ್ಲಿದ್ದದ್ದು ಎರಾಸ್ಮುಸ್ 1519ರಲ್ಲಿ ಹೊರತಂದ ಗ್ರೀಕ್ ಪಾಠ. 1522ರ ಸೆಪ್ಟೆಂಬರಿನಲ್ಲಿ ವಿಟೆನ್‌ಬೆರ್ಗಿನಲ್ಲಿ ಅಚ್ಚಾಯಿತು. ಮೊದಲ ಪುಟದಲ್ಲಿ ಅನುವಾದಕನ ಹೆಸರೇ ಇಲ್ಲ. ಡಿಸೆಂಬರ್ ಹೊತ್ತಿಗೆ ಎರಡನೆಯ ಮುದ್ರಣ, ಅದೂ ತಿದ್ದುಪಡಿಗಳೊಂದಿಗೆ. ದೊಡ್ಡಪ್ಪ, ಈ ಮಾತು ನೆನಪಿಟ್ಟುಕೊಳ್ಳಿ: ಮೂರೇ ತಿಂಗಳಲ್ಲಿ ಅವರು ತಮ್ಮದೇ ಪುಸ್ತಕ ತಿದ್ದಿದರು. ಇಡೀ ಬೈಬಲ್ ಬಂದದ್ದು 1534ರಲ್ಲಿ. ಅದರ ಮೇಲೂ ಸಾಯುವವರೆಗೆ, ಅಂದರೆ 1546ರವರೆಗೆ, ಗೆಳೆಯರ ಗುಂಪು ಕಟ್ಟಿಕೊಂಡು ತಿದ್ದುತ್ತಲೇ ಇದ್ದರು. ಗ್ರೀಕ್‌ಗೆ ಮೆಲಾಂಕ್‌ಟನ್, ಹೀಬ್ರೂಗೆ ಔರೊಗಾಲುಸ್. ಯೋಬನ ಪುಸ್ತಕದಲ್ಲಿ ನಾಲ್ಕು ದಿನ ಕುಳಿತರೂ ಮೂರು ಸಾಲು ಮುಗಿಯದೆ ಹೋದದ್ದುಂಟು ಅಂತ ಅವರೇ ಬರೆದಿದ್ದಾರೆ.

ನನಗೆ, ನರ್ಸ್ ಆಗಿ, ತುಂಬ ಇಷ್ಟವಾದದ್ದು ಇನ್ನೊಂದು ಸಂಗತಿ. ಯಾಜಕಕಾಂಡದಲ್ಲಿ ಬಲಿ ಕೊಟ್ಟ ಕುರಿಯ ಒಳಗಿನ ಅಂಗಗಳ ಪಟ್ಟಿ ಬರುತ್ತದಲ್ಲ, ಅದಕ್ಕೆ ಸರಿಯಾದ ಜರ್ಮನ್ ಪದ ಸಿಗಲಿಲ್ಲವಂತೆ. ಕಟುಕನನ್ನು ಕರೆಸಿ, ಕುರಿ ಕಡಿಸಿ, ಒಂದೊಂದು ಅಂಗಕ್ಕೂ ಅವನು ಏನನ್ನುತ್ತಾನೆ ಎಂದು ಕೇಳಿ ಬರೆದುಕೊಂಡರೆಂದು ಅವರ ಶಿಷ್ಯ ಮಾಥೇಸಿಯುಸ್ ಹೇಳಿದ್ದಾನೆ. ಅನಾಟಮಿ ಕ್ಲಾಸಿನಲ್ಲಿ ನಾವು ಗುಲ್ಮ, ಮೇದೋಜೀರಕ ಅಂತ ಬಾಯಿಪಾಠ ಮಾಡಿದ್ದೆವು. ಮೀನು ಮಾರ್ಕೆಟಿನಲ್ಲೋ ಮಟನ್ ಅಂಗಡಿಯಲ್ಲೋ ಯಾರೂ ಹಾಗೆ ಹೇಳುವುದಿಲ್ಲ. ಅಂಗಡಿಯವನ ಪದ ಹುಡುಕಿ ಹೋದದ್ದು ಲೂಥರ್ ಅವರ ದೊಡ್ಡ ಗುಣ.

1530ರಲ್ಲಿ ಭಾಷಾಂತರದ ಬಗ್ಗೆ ಅವರು ಒಂದು ಬಹಿರಂಗ ಪತ್ರ ಬರೆದರು. ಕಾರಣ ಏನೆಂದರೆ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಗ್ರೀಕ್‌ನಲ್ಲಿ ಇಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದ್ದೀರಿ ಎಂಬ ದೂರು. ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದ 'ಮಾತ್ರ' ಎಂಬ ಅರ್ಥ ಬರುವ ಜಾಗ ಅದು. ಮೂಲದಲ್ಲಿ ಆ ಪದ ಇಲ್ಲವೆಂದು ನನಗೂ ಗೊತ್ತು, ಆದರೆ ಜರ್ಮನ್‌ನಲ್ಲಿ ಹಾಗೆ ಹೇಳದಿದ್ದರೆ ಮಾತು ಸ್ಪಷ್ಟವಾಗುವುದಿಲ್ಲ ಎಂಬುದು ಅವರ ಉತ್ತರ. ಮನೆಯಲ್ಲಿ ತಾಯಿ, ಬೀದಿಯಲ್ಲಿ ಮಕ್ಕಳು, ಸಂತೆಯಲ್ಲಿ ಸಾಮಾನ್ಯರು ಹೇಗೆ ಮಾತಾಡುತ್ತಾರೆಂದು ನೋಡಿ ಬರೆಯಬೇಕು ಎಂಬ ವಾದವೂ ಅಲ್ಲಿಯೇ ಇದೆ. ಸಮಜಾಯಿಷಿ ಚೆನ್ನಾಗಿದೆ. ಆದರೂ ಅದು ಬರೇ ವ್ಯಾಕರಣದ ವಿಷಯ ಆಗಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಅವರ ಇಡೀ ಬೋಧನೆಯೇ ಆ ಒಂದು ಪದದ ಮೇಲೆ ನಿಂತಿತ್ತು. ನೀವು ಓದುವಾಗ ನಿಮ್ಮ ಪಕ್ಕದಲ್ಲಿ ಅನುವಾದಕನೂ ಕುಳಿತಿರುತ್ತಾನೆ. ಅವನು ಎಷ್ಟು ದೊಡ್ಡವನಾದರೂ ಸರಿ.

ಮುಂದಿನ ನಾನೂರು ವರ್ಷದ ಕಥೆ ಬೇಗ ಹೇಳುತ್ತೇನೆ. ಜ್ಯೂರಿಕ್‌ನವರದ್ದು 1531ರಲ್ಲೇ ಬಂತು. ಇಂಗ್ಲಿಷಿನ ಟಿಂಡೇಲ್ ತನ್ನ ದೇಶದಲ್ಲಿ ಅಚ್ಚು ಹಾಕಲಾಗದೆ ಇದೇ ಜರ್ಮನಿಯ ವರ್ಮ್ಸ್ ಊರಿನಲ್ಲಿ 1526ರಲ್ಲಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ. 1536ರಲ್ಲಿ ಅವನನ್ನು ಕೊಂದು ಸುಟ್ಟರು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಅವನ ಮಾತುಗಳೇ ತುಂಬಿವೆ. ಲೂಥರ್ ಬೈಬಲ್ಲನ್ನು ಸಭೆಗಳವರು 1892, 1912, 1984, 2017 ಎಂದು ತಿದ್ದುತ್ತಾ ಬಂದಿದ್ದಾರೆ. ನಡುವೆ 1975ರದ್ದು ಒಂದುಂಟು. ಅದರ ಕಥೆ ಹೇಳಲೇಬೇಕು.

ದೀಪ ಹಚ್ಚಿ ಅದರ ಮೇಲೆ ಪಾತ್ರೆ ಮುಚ್ಚಬಾರದು ಎಂಬ ಯೇಸುವಿನ ಮಾತು ಗೊತ್ತಲ್ಲ. ಲೂಥರ್ ಅಲ್ಲಿ 'ಶೆಫೆಲ್' ಎಂಬ ಪದ ಹಾಕಿದ್ದರು, ಧಾನ್ಯ ಅಳೆಯುವ ಹಳೆಯ ಅಳತೆ. ಈಗ ಯಾರ ಮನೆಯಲ್ಲೂ ಶೆಫೆಲ್ ಇಲ್ಲ ಅಂತ 1975ರ ಸಮಿತಿಯವರು 'ಐಮರ್', ಅಂದರೆ ಬಕೆಟ್ ಅಂತ ಮಾಡಿದರು. ಜನ ಬಿಡಲಿಲ್ಲ. 'ಬಕೆಟ್ ಒಡಂಬಡಿಕೆ' ಅಂತಲೇ ಅಡ್ಡಹೆಸರಿಟ್ಟು ನಕ್ಕರು. 1984ರಲ್ಲಿ ಶೆಫೆಲ್ ವಾಪಸ್ ಬಂತು. 2017ರವರು ಇನ್ನೂ ಹಲವು ಕಡೆ ಲೂಥರ್ ಅವರ ಹಳೆಯ ಮಾತನ್ನೇ ಮತ್ತೆ ತಂದಿದ್ದಾರೆ. ನಮ್ಮ ಸತ್ಯವೇದದಲ್ಲಿ ಆ ಜಾಗದಲ್ಲಿ ಏನಿದೆ ಗೊತ್ತಾ? 'ಕೊಳಗ'. ಅದೂ ಧಾನ್ಯದ ಅಳತೆಯೇ! ನಮ್ಮ ಅಜ್ಜಿಯ ಕಾಲಕ್ಕೆ ಸೇರು, ಕಳಸೆ, ಮುಡಿ ಇತ್ತು. ಅಕ್ಕನ ಮಗಳು ಅಳತೆಯ ಸೇರನ್ನು ಮ್ಯೂಸಿಯಮ್ಮಿನಲ್ಲಿ ನೋಡಿರಬಹುದೇ ಹೊರತು, ಕೊಳಗದಿಂದ ದೀಪ ಮುಚ್ಚುವುದನ್ನು ಎಲ್ಲಿ ನೋಡಿಯಾಳು?

ಹಾಗಾದರೆ ಹಳೆಯ ಪದ ಯಾಕೆ ಬೇಕು? ಅದಕ್ಕೆ ನನ್ನ ವಾರ್ಡೇ ಉತ್ತರ ಕೊಟ್ಟಿತು. ನಮ್ಮಲ್ಲಿ ಮರೆವಿನ ಕಾಯಿಲೆಯ ವೃದ್ಧರು ತುಂಬ. ಒಬ್ಬರಿಗೆ ಮಗಳ ಹೆಸರೂ ಮರೆತುಹೋಗಿತ್ತು. ಒಂದು ಸಂಜೆ ಸ್ವಯಂಸೇವಕಿಯೊಬ್ಬಳು ಬಂದು ಸುಲಭ ಜರ್ಮನ್‌ನಲ್ಲಿ ಇಪ್ಪತ್ತಮೂರನೆಯ ಕೀರ್ತನೆ ಓದಿದಳು. ಕುರುಬನ ಕೀರ್ತನೆ ಅನ್ನುತ್ತೇವಲ್ಲ, ಅದು. ಅಜ್ಜಿ ಗೋಡೆ ನೋಡುತ್ತಾ ಮಲಗಿದ್ದರು. ಪಾಳಿ ಮುಗಿಸಿ ಹೊರಟಿದ್ದ ವಯಸ್ಸಾದ ನನ್ನ ಸಹೋದ್ಯೋಗಿ ಅದೇ ಕೀರ್ತನೆಯನ್ನು ಲೂಥರ್ ಅವರ ಮಾತಿನಲ್ಲಿ ಬಾಯಿಪಾಠ ಶುರು ಮಾಡಿದಳು. ಎರಡನೆಯ ವಾಕ್ಯಕ್ಕೆ ಅಜ್ಜಿಯ ತುಟಿ ಅಲ್ಲಾಡಿತು. ಕೊನೆಯವರೆಗೂ ಒಂದು ಪದ ತಪ್ಪಲಿಲ್ಲ. ಎಪ್ಪತ್ತೈದು ವರ್ಷದ ಹಿಂದೆ ದೃಢೀಕರಣದ ಕ್ಲಾಸಿನಲ್ಲಿ ಕಲಿತದ್ದಿರಬೇಕು. ದೊಡ್ಡಪ್ಪ, ನಿಮ್ಮ ಪಕ್ಷದಲ್ಲಿ ನಾನು ಹೇಳಬಹುದಾದ ಅತಿ ದೊಡ್ಡ ಮಾತು ಇದೇ.

ಈಗ ಆ ಮೆಸೇಜಿನ ವಿಷಯ. ಮತ್ತಾಯ 17ರಲ್ಲಿ 21ನೆಯ ವಚನ ಕೆಲವು ಹೊಸ ಬೈಬಲ್‌ಗಳಲ್ಲಿ ಇಲ್ಲ, 20 ಆದ ಮೇಲೆ 22. ಅಪೊಸ್ತಲರ ಕೃತ್ಯಗಳು 8ರ 37 ಕೂಡ ಹಾಗೆಯೇ. ಇಲ್ಲಿನ ಲೂಥರ್ 2017ರಲ್ಲೂ ಅವು ಅಡಿಟಿಪ್ಪಣಿಗೆ ಇಳಿದಿವೆ. ನೋಡಿದವರಿಗೆ ಕಳ್ಳತನ ಅನ್ನಿಸುವುದು ಸಹಜ.

ಆದರೆ ವಚನಗಳ ನಂಬರ್ ದೇವರು ಹಾಕಿದ್ದಲ್ಲ. ಹೊಸ ಒಡಂಬಡಿಕೆಗೆ ಆ ಸಂಖ್ಯೆ ಹಾಕಿದವನು ರೊಬೇರ್ ಎತಿಯೆನ್ ಎಂಬ ಮುದ್ರಕ, 1551ರಲ್ಲಿ. ಅವನ ಕೈಯಲ್ಲಿದ್ದ ಗ್ರೀಕ್ ಪಾಠದಲ್ಲಿ ಆ ವಾಕ್ಯ ಇತ್ತು, ನಂಬರ್ ಬಿತ್ತು. ಆಮೇಲೆ ಅದಕ್ಕಿಂತ ಎಷ್ಟೋ ಹಳೆಯ ಪ್ರತಿಗಳು ವಿದ್ವಾಂಸರ ಕೈಗೆ ಬಂದವು. ಅವುಗಳಲ್ಲಿ ಹೆಸರಾದದ್ದು ಸೀನಾಯಿ ಬೆಟ್ಟದ ಮಠದಲ್ಲಿ 19ನೆಯ ಶತಮಾನದಲ್ಲಿ ಟಿಶೆಂಡೊರ್ಫ್ ಎಂಬ ಜರ್ಮನ್ ಪಂಡಿತ ಬೆಳಕಿಗೆ ತಂದ ನಾಲ್ಕನೆಯ ಶತಮಾನದ ಪ್ರತಿ. ಅವುಗಳಲ್ಲಿ ಆ ವಾಕ್ಯ ಇಲ್ಲ. ಅಂದರೆ ತೆಗೆದದ್ದಲ್ಲ, ಮಧ್ಯದಲ್ಲೆಲ್ಲೋ ಸೇರಿಕೊಂಡದ್ದು. ಹೇಗೆ? ನರ್ಸ್‌ಗಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೇಸ್ ಶೀಟಿನ ಅಂಚಿನಲ್ಲಿ ಯಾರೋ ಒಂದು ಟಿಪ್ಪಣಿ ಗೀಚಿರುತ್ತಾರೆ. ಮುಂದಿನ ಪಾಳಿಯವಳು ಹೊಸ ಹಾಳೆಗೆ ನಕಲು ಮಾಡುವಾಗ ಅದನ್ನೂ ಒಳಗೆ ಸೇರಿಸಿ ಬರೆಯುತ್ತಾಳೆ, ಬಿಟ್ಟುಹೋದರೆ ಕಷ್ಟ ಅಂತ. ನಾಲ್ಕು ಪಾಳಿ ಕಳೆದ ಮೇಲೆ ಅದು ಡಾಕ್ಟರ್ ಬರೆದದ್ದೋ ಅಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಹಾಳೆ ತೆಗೆದು ನೋಡಬೇಕು. ಕೈಯಲ್ಲಿ ನಕಲು ಮಾಡುತ್ತಿದ್ದ ಸನ್ಯಾಸಿಗಳೂ ಬಿಡಲು ಭಯಪಟ್ಟು ಸೇರಿಸಿದ್ದೇ ಹೆಚ್ಚು.

ಆ 'ಮೊದಲ ಹಾಳೆ'ಯ ಹತ್ತಿರಕ್ಕೆ ಹೋಗುವ ಕೆಲಸಕ್ಕೆ ಈಗ ಜಗತ್ತೆಲ್ಲ ಬಳಸುವ ಗ್ರೀಕ್ ಪುಸ್ತಕ ಸ್ಟುಟ್‌ಗಾರ್ಟಿನದು. ಇಲ್ಲಿಯೇ ಹುಟ್ಟಿದ ಎಬೆರ್‌ಹಾರ್ಡ್ ನೆಸ್ಲೆ 1898ರಲ್ಲಿ ಅದನ್ನು ಸಿದ್ಧಪಡಿಸಿದರು, ಇಲ್ಲಿನ ಬೈಬಲ್ ಸಂಸ್ಥೆ ಅಚ್ಚು ಹಾಕಿತು. (ಚಾಕೊಲೇಟಿನ ನೆಸ್ಲೆಗೂ ಇವರಿಗೂ ಗಂಟು ಹಾಕಬೇಡಿ.) 2012ರಲ್ಲಿ ಅದರ 28ನೆಯ ಆವೃತ್ತಿ ಬಂದಿದೆ. ಪ್ರತಿ ಪುಟದ ಕೆಳಗೆ ಯಾವ ಪ್ರತಿಯಲ್ಲಿ ಏನಿದೆ ಎಂಬ ಪಟ್ಟಿ. ಮುಚ್ಚಿಡುವವರು ಹೀಗೆ ಅಚ್ಚು ಹಾಕಿ ಹಂಚುತ್ತಾರಾ?

ಒಂದು ತಮಾಷೆಯೂ ಉಂಟು. ಯೋಹಾನನ ಮೊದಲ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಪರಲೋಕದ ಮೂರು ಸಾಕ್ಷಿಗಳ ಬಗ್ಗೆ ಇರುವ ವಾಕ್ಯವನ್ನು ಹೊಸ ಬೈಬಲ್‌ಗಳವರು ಬಿಟ್ಟರೆಂದು ದೂರುತ್ತಾರೆ. ಅದು ಲೂಥರ್ ಅವರ ಬೈಬಲ್ಲಿನಲ್ಲೂ ಇರಲಿಲ್ಲ! ಅವರ ಕೈಯಲ್ಲಿದ್ದ 1519ರ ಗ್ರೀಕ್ ಪಾಠದಲ್ಲಿ ಅದು ಇರಲಿಲ್ಲ. ಅವರು ತೀರಿಹೋದ ಎಷ್ಟೋ ವರ್ಷದ ಮೇಲೆ ಮುದ್ರಕರು ಸೇರಿಸಿದರು.

ಇನ್ನು ನಮ್ಮ ಸತ್ಯವೇದಕ್ಕೆ ಬರೋಣ. ಕನ್ನಡದಲ್ಲಿ ಇಡೀ ಬೈಬಲ್ ಮೊದಲು ಬಂದದ್ದು 1831ರಲ್ಲಿ, ಮಂಗಳೂರಿನಿಂದ ಅಲ್ಲ, ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದವರು. ವಿಲಿಯಂ ರೀವ್ ಜೊತೆಗಾರರು. ಕೈಯಲ್ಲಿ ನಿಘಂಟಿಲ್ಲ, ಗದ್ಯದ ಪುಸ್ತಕಗಳೇ ವಿರಳ. ರೀವ್ ಅವರೇ ಕೂತು ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು, ಅದು 1832ರಲ್ಲಿ ಬಂತು. ಅಂದರೆ ನಿಘಂಟಿಗಿಂತ ಒಂದು ವರ್ಷ ಮೊದಲೇ ಬೈಬಲ್! ಇಪ್ಪತ್ತು ವರ್ಷದ ಕೆಲಸ ಅದು.

ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಇಳಿದದ್ದು 1834ರಲ್ಲಿ. ಎರಡು ವರ್ಷ ಕಳೆದು ಮೊಗ್ಲಿಂಗ್ ಬಂದರು. 'ಮಂಗಳೂರ ಸಮಾಚಾರ' ಪತ್ರಿಕೆ ಮಾಡಿದವರು ಅಂತ ಶಾಲೆಯಲ್ಲಿ ಓದಿದ್ದೇವೆ. ಅವರು ಹುಟ್ಟಿದ ಬ್ರಾಕೆನ್‌ಹೈಮ್ ನಮ್ಮ ಇಲ್ಲಿಂದ ದೂರವಲ್ಲ, ದ್ರಾಕ್ಷಿ ತೋಟಗಳ ಊರು. ಈ ಗುಂಪಿಗೆ ಬಳ್ಳಾರಿಯ ಬೈಬಲ್ಲಿನ ಕನ್ನಡ ಸಾಲದು ಅನ್ನಿಸಿತು. ವೈಗ್ಲೆ ಎಂಬವರು ತಿದ್ದುವ ಕೆಲಸಕ್ಕೆ ಕುಳಿತರು, 1855ರಲ್ಲಿ ತೀರಿಕೊಂಡರು. ಸರಿಯಾದ ಕನ್ನಡ ಎಲ್ಲಿ ಸಿಗುತ್ತದೆ ಅಂತ ಹುಡುಕಿದಾಗ ಮೊಗ್ಲಿಂಗ್ ಹೋದದ್ದು ಜೈಮಿನಿ ಭಾರತಕ್ಕೆ, ಬಸವ ಪುರಾಣಕ್ಕೆ, ದಾಸರ ಪದಗಳಿಗೆ. 1848ರಿಂದ 1853ರವರೆಗೆ ಅವನ್ನೆಲ್ಲ ಅಚ್ಚು ಹಾಕಿಸಿದರು. ನಮ್ಮ ಪಕ್ಕದ ಮನೆಯವರು ದೇವರ ಮುಂದೆ ಹಾಡುವ ದಾಸರ ಪದಗಳಿಂದ ಬೈಬಲ್ ತಿದ್ದುವವರು ಕನ್ನಡ ಕಲಿತರು ಅನ್ನುವುದು ನನಗೆ ಈಗಲೂ ಸೋಜಿಗ. ಅದೇ ಗುಂಪಿಗೆ 1853ರಲ್ಲಿ ಬಂದು ಸೇರಿದ ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಅವರು 1903ರಲ್ಲಿ ತೀರಿಕೊಂಡದ್ದು ಇಲ್ಲೇ ಪಕ್ಕದ ಟ್ಯೂಬಿಂಗೆನ್‌ನಲ್ಲಿ. ತುಳುವಿಗಂತೂ 1847ರಲ್ಲೇ ಹೊಸ ಒಡಂಬಡಿಕೆ ಸಿಕ್ಕಿತು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಈಗ ದೊಡ್ಡಪ್ಪನ ಮೇಜಿನ ಮೇಲಿರುವ ಸತ್ಯವೇದ 1831ರದ್ದಲ್ಲ. ಆಮೇಲೆ ಮತ್ತೆ ಮತ್ತೆ ತಿದ್ದಿದ್ದು. ಅದು 'ಹಳೆಯದು' ಆದದ್ದು ನಾವು ಅದನ್ನು ಕೇಳುತ್ತಾ ಬೆಳೆದದ್ದರಿಂದ. ಅದರ ಜೊತೆಗೆ ಈಗ ಅಂಗಡಿಯಲ್ಲಿ ಸಿಗುವವು ಮುಖ್ಯವಾಗಿ ಎರಡು. ಒಂದು, ಕಥೋಲಿಕರೂ ಪ್ರೊಟೆಸ್ಟೆಂಟರೂ ಓದುವಂತೆ ಬೈಬಲ್ ಸೊಸೈಟಿ ತಂದ ಸಿ.ಎಲ್. ಬೈಬಲ್. ಇನ್ನೊಂದು, ಸರಳ ಮಾತಿನ 'ಪರಿಶುದ್ಧ ಬೈಬಲ್'. ಇವು ಮೂರನ್ನೂ ಪಕ್ಕಪಕ್ಕ ಇಟ್ಟರೆ ದೇವರ ಹೆಸರಿನಲ್ಲೇ ವ್ಯತ್ಯಾಸ. ಸತ್ಯವೇದದಲ್ಲಿ 'ಯೆಹೋವ'. ಸಿ.ಎಲ್.ನಲ್ಲಿ 'ಸರ್ವೇಶ್ವರ'. ಮೂಲ ಹೀಬ್ರೂದಲ್ಲಿ ಇರುವುದು ನಾಲ್ಕು ವ್ಯಂಜನ ಮಾತ್ರ. ಯೆಹೂದ್ಯರು ಗೌರವದಿಂದ ಆ ಹೆಸರನ್ನು ಉಚ್ಚರಿಸದೆ 'ಒಡೆಯ' ಎಂಬ ಅರ್ಥದ ಬೇರೆ ಪದ ಓದುತ್ತಿದ್ದರು. ಆ ಪದದ ಸ್ವರಗಳನ್ನು ಈ ವ್ಯಂಜನಗಳಿಗೆ ಸೇರಿಸಿ ಓದಿದ್ದರಿಂದ 'ಯೆಹೋವ' ಎಂಬ ರೂಪ ಬಂದದ್ದು. ಲೂಥರ್ 'ಹೆರ್' ಅಂದರು, ಅಂದರೆ ಒಡೆಯ. ಇಲ್ಲಿನ ಕಥೋಲಿಕರ ಬೈಬಲ್ 1980ರಲ್ಲಿ ಕೆಲವು ಕಡೆ 'ಯಾಹ್ವೆ' ಎಂದು ಹಾಕಿ, 2016ರಲ್ಲಿ ಅದನ್ನು ಬಿಟ್ಟು 'ಹೆರ್' ಅಂದಿತು. ಯಾವುದು ಸರಿ ಅಂತ ಕೂಗಾಡುವ ಮೊದಲು, ಯಾಕೆ ಹೀಗೆ ಅಂತ ಕೇಳಿದರೆ ಒಂದು ಸಂಜೆಯ ಪಾಠ ಆಗುತ್ತದೆ.

ಇನ್ನೊಂದು ಪದ. ಸ್ನಾನಿಕನಾದ ಯೋಹಾನ ಮೊದಲು ಹೇಳುವ ಮಾತಿನಲ್ಲಿ ಬರುವ ಗ್ರೀಕ್ ಪದದ ಅರ್ಥ ಮನಸ್ಸು ಬದಲಿಸುವುದು. ಲ್ಯಾಟಿನ್‌ನಲ್ಲಿ ಅದು ಪ್ರಾಯಶ್ಚಿತ್ತ ಮಾಡು ಎನ್ನುವ ಹಾಗೆ ಕೇಳುತ್ತಿತ್ತು; ಲೂಥರ್ ಅವರ 95 ವಾದಗಳು ಶುರುವಾಗುವುದೇ ಈ ಮಾತಿನ ಅರ್ಥದಿಂದ. ಆದರೂ ಅವರು ತಮ್ಮ ಬೈಬಲ್ಲಿನಲ್ಲಿ 'ಬೂಸೆ' ಎಂಬ ಹಳೆಯ ಪದವನ್ನೇ ಉಳಿಸಿಕೊಂಡರು. ಇವತ್ತು ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದರೆ ಕಟ್ಟುವ ದಂಡಕ್ಕೂ ಅದೇ ಪದ: 'ಬೂಸ್‌ಗೆಲ್ಡ್'. ನನ್ನಂಥ ಹೊರಗಿನವಳಿಗೆ ಯೋಹಾನ ಟ್ರಾಫಿಕ್ ಪೊಲೀಸನ ಹಾಗೆ ಕಂಡ. ಜ್ಯೂರಿಕ್ ಬೈಬಲ್ಲಿನಲ್ಲಿ 'ಹಿಂದಿರುಗುವುದು' ಎಂಬ ಪದ ಇದೆ. ನಮ್ಮ ಸತ್ಯವೇದ ತೆಗೆದು ನೋಡಿದೆ: 'ತಿರುಗಿಕೊಳ್ಳು'! ನಮ್ಮವರು ಲೂಥರ್ ಅವರಿಗಿಂತ ಚಂದ ಮಾಡಿದ್ದಾರೆ ಅಂತ ಆ ದಿನ ಒಬ್ಬಳೇ ನಕ್ಕೆ. ಆದರೆ ಯಾರ ಕಡೆಗೆ ಎಂಬುದನ್ನು, 'ದೇವರ ಕಡೆಗೆ' ಅಂತ, ನಮ್ಮವರೂ ಸೇರಿಸಿದ್ದಾರೆ. ಗ್ರೀಕ್‌ನಲ್ಲಿ ಆ ಜಾಗದಲ್ಲಿ ಅದಿಲ್ಲ. ಲೂಥರ್ ಅವರ 'ಮಾತ್ರ' ನೆನಪಾಯಿತಾ?

ನಾನು ಇಲ್ಲಿಗೆ ಬಂದಾಗ ಬಿ1 ಜರ್ಮನ್‌ಗೆ ಎಟುಕಿದ್ದು 'ಬಾಸಿಸ್ ಬೈಬಲ್'. 2021ರಲ್ಲಿ ಪೂರ್ತಿಯಾದದ್ದು, ವಾಕ್ಯ ಸಾಮಾನ್ಯವಾಗಿ ಹದಿನಾರು ಪದ ಮೀರಬಾರದೆಂದು ನಿಯಮ ಹಾಕಿಕೊಂಡು ಮಾಡಿದ್ದು. ನೈಟ್ ಡ್ಯೂಟಿ ಮುಗಿಸಿ ಎಸ್‌ ಬಾನ್ ರೈಲಿನಲ್ಲಿ ಓದಿದರೂ ತಲೆಗೆ ಹೋಗುತ್ತದೆ. ಒಂದು ಪದದ ಹಿಂದೆ ಬಿದ್ದಾಗ ಎಲ್ಬರ್‌ಫೆಲ್ಡರ್ ತೆಗೆಯುತ್ತೇನೆ, ಅದು ಮೂಲದ ಪದಗಳಿಗೆ ಅಂಟಿಕೊಂಡು ನಡೆಯುವಂಥದ್ದು, ಓದಲು ಗಟ್ಟಿ ಅವಲಕ್ಕಿ ಅಗಿದ ಹಾಗೆ. ರೋಗಿಗಳ ಹತ್ತಿರ ಲೂಥರ್. ನನ್ನ ಪ್ರಾರ್ಥನೆಗೆ ಮಾತ್ರ ನಮ್ಮ ಸತ್ಯವೇದ. ದಣಿದ ದಿನ ಅದರ 'ಆತನು', 'ಆಗಲಿ' ಎಲ್ಲ ಅಜ್ಜಿಯ ದನಿಯಲ್ಲೇ ಕೇಳುತ್ತದೆ.

ಆದ್ದರಿಂದ ಪುಟ್ಟಿ, ನಿನಗೆ ನನ್ನ ಉತ್ತರ. ಮೊದಲು 'ಪರಿಶುದ್ಧ ಬೈಬಲ್' ತಗೋ, ಮಾರ್ಕನ ಸುವಾರ್ತೆ ಒಂದೇ ಕೂತಲ್ಲಿ ಓದು. ಎಲ್ಲದಕ್ಕಿಂತ ಚಿಕ್ಕದು ಅದೇ. ಅರ್ಥವಾಗದ ಪುಸ್ತಕವನ್ನು ಗೌರವದಿಂದ ಕಪಾಟಿನಲ್ಲಿಟ್ಟರೆ ಧೂಳು ಹಿಡಿಯುತ್ತದೆ ಅಷ್ಟೆ. ಓದುವಾಗ ಮನಸ್ಸಿಗೆ ಸಿಕ್ಕಿಹಾಕಿಕೊಂಡ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ, ಅದೇ ಜಾಗವನ್ನು ಸತ್ಯವೇದದಲ್ಲಿ ನೋಡು. ಎರಡೂ ಬೇರೆಬೇರೆ ಹೇಳುತ್ತವೆ ಅನ್ನಿಸಿದರೆ ನಿನ್ನ ಅಧ್ಯಯನ ಶುರುವಾಯಿತು ಅಂತ ತಿಳಿ. ಕಾಲೇಜಿನಲ್ಲಿ ಇಂಗ್ಲಿಷ್ ಸುಲಭ ಅನ್ನಿಸಿದರೆ ಮೂರನೆಯದಾಗಿ ಅದನ್ನೂ ಇಟ್ಟುಕೋ. ಕೊಳ್ಳುವ ಮೊದಲು ಮುನ್ನುಡಿ ತೆರೆ: ಒಬ್ಬರೇ ಮಾಡಿದ್ದೋ ಸಮಿತಿಯೋ, ಗ್ರೀಕ್–ಹೀಬ್ರೂದಿಂದಲೋ ಇಂಗ್ಲಿಷಿನಿಂದಲೋ, ಯಾವ ವರ್ಷ. ಮುನ್ನುಡಿಯಲ್ಲಿ ಇದು ಯಾವುದೂ ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬಾ. ಬಾಯಿಪಾಠಕ್ಕೆ ಮಾತ್ರ ಅಜ್ಜನ ಸತ್ಯವೇದವೇ ಇರಲಿ, ಆ ಕುರುಬನ ಕೀರ್ತನೆಯಿಂದಲೇ ಶುರು ಮಾಡು. ಅದನ್ನು ಅಜ್ಜನೇ ಕಲಿಸಲಿ, ಅವರಿಗೆ ಪೂರ್ತಿ ಬರುತ್ತದೆ.

ಪುಸ್ತಕದ ದುಡ್ಡು ನಾನು ಅಕ್ಕನಿಗೆ ಕಳಿಸುತ್ತೇನೆ. ದೊಡ್ಡಪ್ಪ, ನಿಮ್ಮಿಂದ ಒಂದು ಸಹಾಯ ಬೇಕು: ನಿಮ್ಮ ಸತ್ಯವೇದದ ಮೊದಲೆರಡು ಪುಟಗಳ ಫೋಟೋ ತೆಗೆದು ಗ್ರೂಪಿಗೆ ಹಾಕಿ, ಯಾವ ವರ್ಷದ ಮುದ್ರಣ ಅಂತ ನೋಡಬೇಕು. ಹುಳ ತಿಂದ ಅಂಚು ಇದ್ದರೂ ಪರವಾಗಿಲ್ಲ.

ಮುಂದಿನ ಭಾಗದಲ್ಲಿ ತುಳು ಒಡಂಬಡಿಕೆಯ ಕಥೆ, ನನ್ನ ನೈಟ್ ಡ್ಯೂಟಿಗಳು ಮುಗಿದ ಮೇಲೆ.